ಗ್ರಹಗಳ ದನಿ

ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸಂಧಿಸ್ಥಳದಲ್ಲಿ ನಮ್ಮ ಕಲಘಟಗಿ ಇದೆ. ಪಡುವಣದ ಕಾಡುಗಳ ಮೇಲಿನಿಂದ ಎದ್ದುಬರುವ ಮೋಡಗಳು ಮುಂಗಾರಿಗೆ ಮೊದಲೇ, ಕೃತ್ತಿಕಾ ಮಳೆಯ ದಿನಗಳಲ್ಲಿ, ಗುಡುಗು ಮಿಂಚುಗಳ ದೊಡ್ಡ ಆರ್ಭಟವನ್ನು ಹೊತ್ತು ತರುತ್ತವೆ. ನಾನು ಚಿಕ್ಕವನಾಗಿದ್ದಾಗ ಅಂಥ ಸಂಜೆಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ರೇಡಿಯೋ ಮಾತನಾಡುತ್ತಿರುತ್ತಿತ್ತು. ಧಾರವಾಡ ಆಕಾಶವಾಣಿಯಿಂದ ಬರುವ ರೈತರ ಕಾರ್ಯಕ್ರಮವನ್ನು ತಂದೆಯವರು ತಪ್ಪದೆ ಕೇಳುತ್ತಿದ್ದರು. ದೂರದಲ್ಲಿ ಮಿಂಚು ಹೊಳೆದೊಡನೆಯೇ ರೇಡಿಯೋ ‘ಕರಕರ’ ಎಂದು ಗೊಣಗುತ್ತಿತ್ತು. ನಾನು ಬೆರಳು ಮಡಿಚುತ್ತ ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಿದ್ದೆ. ಒಂಬತ್ತಕ್ಕೋ ಹತ್ತಕ್ಕೋ ಗುಡುಗು ಬಂದು ಹೆಂಚುಗಳನ್ನು ನಡುಗಿಸುತ್ತಿತ್ತು. ಮಿಂಚಿದ್ದು ಒಂದೇ ಸಲ, ದನಿಯೇಕೆ ಎರಡು? ಒಂದು ಆ ಕ್ಷಣದಲ್ಲೇ ಬಂದರೆ, ಇನ್ನೊಂದು ಅಷ್ಟು ತಡವಾಗಿ ಬಂದುದೇಕೆ? ಬಹಳ ದಿನ ನನ್ನನ್ನು ಕಾಡಿದ ಈ ಪ್ರಶ್ನೆಯೇ ಮುಂದೊಂದು ದಿನ ಇನ್ನೂ ದೊಡ್ಡದೊಂದು ಪ್ರಶ್ನೆಗೆ ಉತ್ತರವಾದೀತೆಂದು ಆಗ ನನಗೆ ತಿಳಿದಿರಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿಯ ತರುಣ ಶಿಕ್ಷಕರು ತಮ್ಮ ಮೊಬೈಲಿನಿಂದ ಮಕ್ಕಳಿಗೆ ಗ್ರಹಗಳ ದನಿಯನ್ನು ಕೇಳಿಸುತ್ತಿದ್ದರು. ಗುರುಗ್ರಹದ್ದೆಂದು ಹೇಳಿದ ದನಿಯಲ್ಲಿ ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳುಗಳಿದ್ದವು. ಶನಿಯದರಲ್ಲಿ ಗಾಳಿ ಊಳಿಟ್ಟಂತೆ, ಯಾರೋ ನರಳಿದಂತೆ, ಏರಿಳಿಯುವ ಸ್ವರಗಳಿದ್ದವು. ಕೇಳಿ ಮುಗಿದ ಕೂಡಲೇ ತರಗತಿಯಲ್ಲಿ ವಾದ ಎದ್ದಿತು. “ಗ್ರಹಗಳು ಹಾಡತಾವ್ರೀ ಸರ” ಎಂದನೊಬ್ಬ ಹುಡುಗ. “ಅಲ್ಲಿ ಗಾಳೀನ ಇಲ್ಲ. ಗಾಳಿ ಇಲ್ಲದ ಸಪ್ಪಳ ಎಲ್ಲಿಂದ ಬರಬೇಕು? ಇದನ್ನೆಲ್ಲಾ ಯಂತ್ರದಾಗ ಮಾಡ್ಯಾರ” ಎಂದು ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ಮುಂದಿನ ಸಾಲಿನಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಬಾಲಕಿಯೊಬ್ಬಳು ಕುಳಿತಿದ್ದಳು. ಇಬ್ಬರ ಮಾತನ್ನೂ ಕೇಳಿದ ಮೇಲೆ ಅವಳು ನನ್ನತ್ತ ಮುಖಮಾಡಿ, “ಸರ, ಶನಿಯ ಬಳಿ ಹೆಂಗೈತಿ ಅಂತ ಎಲ್ಲಾರೂ ಚಿತ್ರದಾಗ ನೋಡ್ಯಾರ. ನನಗ ಸಿಕ್ಕಿದ್ದು ಇದೊಂದ ದನಿ. ಇದು ಖರೇನೋ ಸುಳ್ಳೋ, ಹೇಳ್ರಿ” ಎಂದು ಕೇಳಿದಳು.

ಉಳಿದವರಿಗೆ ಅದು ಜಾಣತನದ ವಾದವಾಗಿತ್ತು, ಅವಳಿಗೆ ಹಾಗಲ್ಲ. ದನಿ ಸುಳ್ಳಾದರೆ ಅವಳ ಪಾಲಿನ ಶನಿಯೇ ಸುಳ್ಳಾಗುತ್ತಿತ್ತು. ಆ ದಿನ ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಉಳಿದುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಎರಡನೆಯ ಹುಡುಗನ ಮಾತನ್ನು ನೋಡೋಣ. ಶಬ್ದವೆಂದರೆ ಕಂಪನ. ಶಾಲೆಯ ಗಂಟೆಯನ್ನು ಬಾರಿಸಿದಾಗ ಅದರ ಲೋಹ ನಡುಗುತ್ತದೆ; ಆ ನಡುಕ ಸುತ್ತಲಿನ ಗಾಳಿಯನ್ನು ತಳ್ಳುತ್ತದೆ; ಒಂದು ಪದರವು ಮುಂದಿನ ಪದರವನ್ನು ತಳ್ಳುತ್ತ ಹೋಗಿ, ಕಡೆಗೆ ನಮ್ಮ ಕಿವಿಯ ತಮಟೆಯನ್ನು ನಡುಗಿಸುತ್ತದೆ. ಗಾಳಿಯಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಆದುದರಿಂದಲೇ ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಕಳೆದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ಸೆಕೆಂಡಿಗೆ ಎಷ್ಟು ಸಲ ಕಂಪನವಾಗುತ್ತದೆಯೋ ಅದನ್ನು ಆವೃತ್ತಿ ಎನ್ನುತ್ತೇವೆ. ಅದರ ಮಾನ ಹರ್ಟ್ಸ್. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು ಮಾತ್ರ ಕೇಳಿಸುತ್ತವೆ. ಗ್ರಹಗ್ರಹಗಳ ನಡುವಣ ಆಕಾಶ ಹೆಚ್ಚುಕಡಿಮೆ ಬರಿದು. ತಳ್ಳಲು ಅಲ್ಲಿ ಗಾಳಿಯಿಲ್ಲ. ಗುರುಗ್ರಹದ ಬಳಿ ನೌಕೆಯ ಹೊರಗೆ ಕಿವಿಗೊಟ್ಟು ನಿಲ್ಲಲು ಸಾಧ್ಯವಾದರೂ ನಮಗೆ ಏನೂ ಕೇಳಿಸದು. ಈ ಮಟ್ಟಿಗೆ ಆ ಹುಡುಗನ ಮಾತು ಸರಿ.

ಆದರೆ ನಮ್ಮ ಪಡಸಾಲೆಯ ರೇಡಿಯೋವನ್ನು ನೆನೆಯಿರಿ. ಮಿಂಚು ಎರಡು ಬಗೆಯ ಅಲೆಗಳನ್ನು ಎಬ್ಬಿಸಿತ್ತು. ಕಾದ ಗಾಳಿ ಸಿಡಿದು ಹುಟ್ಟಿದ ಅಲೆ ಗಾಳಿಯಲ್ಲಿ ನಿಧಾನವಾಗಿ ಬಂದು ಗುಡುಗಾಯಿತು. ಮಿಂಚಿನ ವಿದ್ಯುತ್ತಿನಿಂದ ಹುಟ್ಟಿದ ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಬಂದು, ರೇಡಿಯೋವನ್ನು ಮುಟ್ಟಿತು. ಈ ಅಲೆಗೆ ಗಾಳಿಯ ಹಂಗಿಲ್ಲ. ಅದನ್ನು ಕೇಳಬಲ್ಲ ಕಿವಿಯೂ ನಮಗಿಲ್ಲ. ರೇಡಿಯೋ ಆ ವಿದ್ಯುತ್ತಿನ ಅಲೆಯನ್ನು ಹಿಡಿದು, ಅದಕ್ಕೆ ತಕ್ಕಂತೆ ತನ್ನ ಧ್ವನಿವರ್ಧಕದ ಕಾಗದವನ್ನು ನಡುಗಿಸಿ, ‘ಕರಕರ’ ಎನಿಸಿತು. ಆ ಸಪ್ಪಳ ಹುಟ್ಟಿದ್ದು ನಮ್ಮ ಪಡಸಾಲೆಯಲ್ಲಿ. ಆದರೂ ಅದು ಸುಳ್ಳಲ್ಲ. ಮಿಂಚು ಹೊಳೆಯದಿದ್ದರೆ ಅದು ಇರುತ್ತಿರಲಿಲ್ಲ. ಆಕಾಶನೌಕೆಗಳು ಗ್ರಹಗಳ ಬಳಿ ಮಾಡುವ ಕೆಲಸವೂ ಇದೇ. ಆದರೆ ‘ಗ್ರಹಗಳ ದನಿ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ನಿಜವಾದ ಶಬ್ದ. ಗಾಳಿಯಿರುವ ಗ್ರಹಕ್ಕೆ ಮೈಕ್ರೋಫೋನನ್ನು ಒಯ್ದರೆ ಅಲ್ಲಿಯ ಸಪ್ಪಳವನ್ನೇ ಹಿಡಿಯಬಹುದು. 1982ರ ಮಾರ್ಚ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ವೆನೆರಾ-13 ಮತ್ತು ವೆನೆರಾ-14 ನೌಕೆಗಳು ಶುಕ್ರಗ್ರಹದ ಮೇಲಿಳಿದಾಗ ತಮ್ಮೊಡನೆ ಮೈಕ್ರೋಫೋನುಗಳನ್ನು ಒಯ್ದಿದ್ದವು. ಸೀಸವೂ ಕರಗುವಂಥ ಆ ಬೇಗೆಯಲ್ಲಿ ಅವು ಗಾಳಿಯ ಸದ್ದನ್ನೂ ನೆಲವನ್ನು ಕೊರೆಯುವ ತಮ್ಮದೇ ಬೈರಿಗೆಯ ಸದ್ದನ್ನೂ ದಾಖಲಿಸಿದವು. 2005ರ ಜನವರಿ 14ರಂದು ಯುರೋಪಿನ ಹೈಗೆನ್ಸ್ ನೌಕೆ ಶನಿಯ ಉಪಗ್ರಹವಾದ ಟೈಟನ್ ಮೇಲೆ ಇಳಿಯಿತು. ಇಳಿಯುವಾಗ ಅಲ್ಲಿಯ ದಟ್ಟ ವಾಯುಮಂಡಲದ ಸದ್ದನ್ನು ಅಳೆಯುವ ಉಪಕರಣವೂ ಅದರಲ್ಲಿತ್ತು. 2021ರ ಫೆಬ್ರುವರಿ 18ರಂದು ಮಂಗಳಗ್ರಹಕ್ಕೆ ಇಳಿದ ಅಮೆರಿಕದ ಪರ್ಸಿವಿಯರೆನ್ಸ್ ಬಂಡಿಯಲ್ಲಿ ಎರಡು ಮೈಕ್ರೋಫೋನುಗಳಿದ್ದವು. ಅವು ಮಂಗಳದ ಗಾಳಿಯನ್ನೂ ಕಲ್ಲಿನ ಮೇಲೆ ಉರುಳುವ ಗಾಲಿಗಳ ಕಿರುಗುಟ್ಟುವಿಕೆಯನ್ನೂ ಹಿಡಿದವು. ಅದೇ ವರ್ಷದ ಏಪ್ರಿಲ್ 30ರಂದು, ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರು ಸುಮಾರು 80 ಮೀಟರು ದೂರದಲ್ಲಿ ಹಾರುತ್ತಿದ್ದಾಗ ಅದರ ರೆಕ್ಕೆಗಳ ಗುಂಯ್‌ಗುಟ್ಟುವಿಕೆಯೂ ದಾಖಲಾಯಿತು. ಅದರ ಆವೃತ್ತಿ 84 ಹರ್ಟ್ಸ್. ಮಂಗಳದ ಗಾಳಿಯ ಒತ್ತಡ ನಮ್ಮ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಶಬ್ದ ಅಲ್ಲಿ ಸೆಕೆಂಡಿಗೆ ಸುಮಾರು 240 ಮೀಟರು ಮಾತ್ರ ಸಾಗುತ್ತದೆ. ಕೀರಲು ದನಿಗಳನ್ನು ಇಂಗಾಲದ ಡೈಆಕ್ಸೈಡು ಬೇಗ ನುಂಗಿಬಿಡುತ್ತದೆ. ಅಲ್ಲಿ ಕೊಳಲನ್ನು ನುಡಿಸಿದರೆ ನಾಲ್ಕು ಮಾರು ದೂರದವನಿಗೂ ಸರಿಯಾಗಿ ಕೇಳಿಸಲಾರದು.

ಎರಡನೆಯದು ವಿದ್ಯುತ್ತಿನ ಅಲೆಗಳ ದನಿ. ಗ್ರಹಗಳ ನಡುವಣ ಬಯಲು ಬರಿದೆಂದೆನಷ್ಟೆ, ಪೂರ್ಣ ಬರಿದಲ್ಲ. ಸೂರ್ಯನಿಂದ ಸದಾ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳು ಅಲ್ಲಿ ತೆಳುವಾಗಿ ಹರಡಿಕೊಂಡಿವೆ. ಈ ಕಣಗಳ ಸಮುದಾಯಕ್ಕೆ ಪ್ಲಾಸ್ಮಾ ಎಂದು ಹೆಸರು. ಕಾಂತಕ್ಷೇತ್ರವುಳ್ಳ ಗ್ರಹಗಳ ಸುತ್ತ ಈ ಪ್ಲಾಸ್ಮಾ ಸುಮ್ಮನಿರುವುದಿಲ್ಲ. ಗಾಳಿ ಬೀಸಿದ ಕೆರೆಯಂತೆ ಅದರಲ್ಲಿ ಅಲೆಗಳೇಳುತ್ತವೆ. ಸೋಜಿಗವೆಂದರೆ ಈ ಅಲೆಗಳಲ್ಲಿ ಅನೇಕವುಗಳ ಆವೃತ್ತಿ ನಮ್ಮ ಕಿವಿಯ ಮಿತಿಯೊಳಗೇ ಇದೆ. ಸೆಕೆಂಡಿಗೆ ಸಾವಿರ ಸಲ ಏರಿಳಿಯುವ ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ ಸಾವಿರ ಸಲ ನಡುಗುವ ಗಾಳಿಯ ಅಲೆಯಾಗಿ ಮಾಡಿದರೆ ಮುಗಿಯಿತು. ಅದರ ಏರಿಳಿತವನ್ನು ಬದಲಿಸಬೇಕಾಗಿಲ್ಲ, ಹೆಚ್ಚಿಸಬೇಕಾಗಿಲ್ಲ, ಕುಗ್ಗಿಸಬೇಕಾಗಿಲ್ಲ. ಬದಲಾದುದು ವಾಹನ ಮಾತ್ರ, ಪ್ರಯಾಣಿಕ ಅವನೇ.

ಇದನ್ನು ಮನುಷ್ಯ ಮೊದಲು ಕೇಳಿದ್ದು ಆಕಾಶನೌಕೆಯಿಂದಲ್ಲ, ನೆಲದ ಮೇಲಿನ ದೂರವಾಣಿಯ ತಂತಿಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಮಾತನ್ನು ಕದ್ದು ಕೇಳಲು ಕುಳಿತವರ ಕಿವಿಗೆ ಮೇಲಿನಿಂದ ಕೆಳಕ್ಕೆ ಜಾರುವ ವಿಚಿತ್ರವಾದ ಸಿಳ್ಳುಗಳು ಬಿದ್ದವು. ಅವುಗಳ ಮೂಲ ಮಿಂಚೆಂಬುದನ್ನು 1953ರಲ್ಲಿ ಇಂಗ್ಲೆಂಡಿನ ಸ್ಟೋರಿ ಎಂಬ ವಿಜ್ಞಾನಿ ಸ್ಪಷ್ಟಪಡಿಸಿದರು. ಮಿಂಚಿನಿಂದ ಎದ್ದ ಅಲೆ ಭೂಮಿಯ ಕಾಂತರೇಖೆಗಳನ್ನು ಹಿಡಿದು ಬಹುದೂರ ಮೇಲೇರಿ ಇನ್ನೊಂದು ಗೋಲಾರ್ಧದಲ್ಲಿ ಇಳಿಯುತ್ತದೆ. ದಾರಿಯಲ್ಲಿ ಸಿಗುವ ಪ್ಲಾಸ್ಮಾದಲ್ಲಿ ಹೆಚ್ಚು ಆವೃತ್ತಿಯ ಅಲೆಗಳು ಬೇಗ ಸಾಗುತ್ತವೆ, ಕಡಿಮೆ ಆವೃತ್ತಿಯವು ಹಿಂದೆ ಬೀಳುತ್ತವೆ. ಒಟ್ಟಿಗೆ ಹೊರಟವರಲ್ಲಿ ತಾರಸ್ವರದವರು ಮೊದಲು, ಮಂದ್ರಸ್ವರದವರು ಕಡೆಗೆ ಬಂದು ಮುಟ್ಟುವುದರಿಂದ, ಒಂದು ಕ್ಷಣದ ಸಿಡಿತವು ಇಳಿಯುವ ಸಿಳ್ಳಾಗಿ ಕೇಳಿಸುತ್ತದೆ.

ಈಗ ಮುಂದಿನ ಹೆಜ್ಜೆಯನ್ನು ನೀವೇ ಊಹಿಸಬಲ್ಲಿರಿ. 1979ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ವಾಯೇಜರ್-1 ನೌಕೆ ಗುರುಗ್ರಹವನ್ನು ಹಾದುಹೋಯಿತು. 10 ಹರ್ಟ್ಸ್‌ನಿಂದ 56,000 ಹರ್ಟ್ಸ್‌ವರೆಗಿನ ವಿದ್ಯುತ್ತಿನ ಅಲೆಗಳನ್ನು ಗ್ರಹಿಸುವ ಉಪಕರಣವೊಂದು ಅದರಲ್ಲಿತ್ತು. ಅದು ಕಳುಹಿಸಿದ ದಾಖಲೆಯನ್ನು ಧ್ವನಿವರ್ಧಕಕ್ಕೆ ಕೊಟ್ಟಾಗ ಅಯೋವಾ ವಿಶ್ವವಿದ್ಯಾಲಯದ ಡೊನಾಲ್ಡ್ ಗರ್ನೆಟ್ ಮತ್ತು ಅವರ ಸಹೋದ್ಯೋಗಿಗಳಿಗೆ ಪರಿಚಿತವಾದ ಸಿಳ್ಳುಗಳೇ ಕೇಳಿಬಂದವು. ಸಿಳ್ಳಿದ್ದಲ್ಲಿ ಮಿಂಚಿರಬೇಕು. ಗುರುವಿನ ಮೋಡಗಳಲ್ಲಿಯೂ ಮಿಂಚುವುದೆಂಬುದಕ್ಕೆ ಹೀಗೆ ಕಿವಿಯ ಸಾಕ್ಷ್ಯ ದೊರೆಯಿತು. ಅದೇ ನೌಕೆಯ ಕ್ಯಾಮರಾ ಗುರುವಿನ ಕತ್ತಲ ಭಾಗದಲ್ಲಿ ಬೆಳಕಿನ ಹೊಳಪುಗಳನ್ನು ಕಂಡು ಕಣ್ಣಿನ ಸಾಕ್ಷ್ಯವನ್ನೂ ಸೇರಿಸಿತು. ನಮ್ಮ ತಾಲ್ಲೂಕಿನ ಆ ತರಗತಿಯಲ್ಲಿ ಮಕ್ಕಳು ಕೇಳಿದ ಸಿಳ್ಳು ಇಂಥದೇ.

ಮೂರನೆಯದು ಸ್ವರವನ್ನು ಇಳಿಸಿ ಅಥವಾ ಏರಿಸಿ ಕೇಳಿಸುವ ದನಿ. ಶನಿಯ ಧ್ರುವಗಳ ಬಳಿ, ಧ್ರುವಪ್ರಭೆ ಬೆಳಗುವಲ್ಲಿ, ಎಲೆಕ್ಟ್ರಾನುಗಳ ಸಂಚಾರದಿಂದ ಪ್ರಬಲವಾದ ರೇಡಿಯೋ ಅಲೆಗಳು ಹುಟ್ಟುತ್ತವೆ. ಕ್ಯಾಸಿನಿ ನೌಕೆ 2002ರಲ್ಲಿ, ಶನಿಯಿಂದ ಇನ್ನೂ 37 ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದ್ದಾಗಲೇ, ಅವನ್ನು ಗುರುತಿಸತೊಡಗಿತು. ಆದರೆ ಅವುಗಳ ಆವೃತ್ತಿ ನಮ್ಮ ಶ್ರವಣದ ಮಿತಿಗಿಂತ ಬಹಳ ಮೇಲಿನದು. ವಿಜ್ಞಾನಿಗಳು ಆ ಆವೃತ್ತಿಗಳನ್ನು 44ರಿಂದ ಭಾಗಿಸಿ ಕೆಳಗಿಳಿಸಿದರು. 27 ನಿಮಿಷಗಳ ದಾಖಲೆಯನ್ನು 73 ಸೆಕೆಂಡುಗಳಿಗೆ ಕುಗ್ಗಿಸಿದರು. ಆಗ ಹೊರಟದ್ದೇ ಆ ಊಳಿಡುವ ದನಿ. ಇನ್ನು ಸೂರ್ಯನ ಕಥೆ ಇದಕ್ಕೆ ವಿರುದ್ಧ. ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ತಗ್ಗುತ್ತಿರುತ್ತದೆ. 1995ರಲ್ಲಿ ಹಾರಿದ ಸೋಹೋ ನೌಕೆ 40 ದಿನಗಳಲ್ಲಿ ದಾಖಲಿಸಿದ ಈ ಕಂಪನಗಳನ್ನು 42,000 ಪಟ್ಟು ವೇಗಗೊಳಿಸಿದಾಗ ಅದೊಂದು ಮಂದ್ರವಾದ ಗುಂಜಾರವವಾಯಿತು.

ಹೀಗೆ ಮಾಡಿದರೆ ಮೂಲ ಕೆಡುವುದಿಲ್ಲವೇ ಎಂದು ನೀವು ಕೇಳಬಹುದು. ಧಾರವಾಡದ ಸೀಮೆಯಲ್ಲಿ ಹುಟ್ಟಿದವರಿಗೆ ಇದಕ್ಕೆ ಉತ್ತರ ಸಂಗೀತದಲ್ಲೇ ಇದೆ. ಗಂಗೂಬಾಯಿ ಹಾನಗಲ್ಲರ ಕಂಠ ಗಂಭೀರವಾದದ್ದು. ಅವರ ಷಡ್ಜ ಬೇರೆ ಗಾಯಕಿಯರ ಷಡ್ಜಕ್ಕಿಂತ ಬಹಳ ಕೆಳಗಿನದು. ಆದರೂ ಅವರು ಹಾಡಿದ ಭೈರವಿ ಭೈರವಿಯೇ. ಏಕೆಂದರೆ ರಾಗದ ಪ್ರಾಣವಿರುವುದು ಸ್ವರಸ್ವರಗಳ ನಡುವಣ ಸಂಬಂಧದಲ್ಲಿ, ಷಡ್ಜ ಎಲ್ಲಿ ನಿಂತಿದೆಯೆಂಬುದರಲ್ಲಲ್ಲ. ಎಲ್ಲ ಆವೃತ್ತಿಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದಾಗ ಅವುಗಳ ಪರಸ್ಪರ ಸಂಬಂಧ ಹಾಗೆಯೇ ಉಳಿಯುತ್ತದೆ. ಶನಿಯ ಷಡ್ಜವನ್ನು ನಮ್ಮ ಕಿವಿಯ ಮಟ್ಟಕ್ಕೆ ತಂದಿದ್ದಾರೆ, ರಾಗ ಶನಿಯದೇ.

ಆದರೆ ಇಲ್ಲಿ ಎಚ್ಚರವೂ ಬೇಕು. ಮೂಲ ದಾಖಲೆಗೆ ವಾದ್ಯಗಳ ನಾದವನ್ನು ಬೆರೆಸಿ, ಇಂಪಾಗಿಸಿ, ‘ಗ್ರಹಗಳ ಸಂಗೀತ’ವೆಂದು ಹಂಚುವವರಿದ್ದಾರೆ. ಸೂರ್ಯನಿಂದ ಮಂತ್ರಘೋಷ ಕೇಳಿಬಂದಿತೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದೂ ಉಂಟು. ಸೂರ್ಯನ ಕಂಪನವನ್ನು ನಲವತ್ತೆರಡು ಸಾವಿರ ಪಟ್ಟು ವೇಗಗೊಳಿಸಿದ್ದಾರೆಂಬುದನ್ನು ಬಲ್ಲವನು ಆ ದನಿಯಲ್ಲಿ ಯಾವ ಭಾಷೆಯ ಅಕ್ಷರವನ್ನೂ ಹುಡುಕಲಾರ. ಚುರಮುರಿ ಶೇಷಗಿರಿರಾಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಅದನ್ನು ಓದಿದವನು ಕಾಳಿದಾಸನ ಸಂಸ್ಕೃತವನ್ನು ಕೇಳಿದವನಲ್ಲ. ಹಾಗೆಂದು ಕಾಳಿದಾಸನನ್ನು ಅರಿಯದವನೂ ಅಲ್ಲ. ಒಳ್ಳೆಯ ಅನುವಾದಕನು ತಾನು ಅನುವಾದಕನೆಂಬುದನ್ನು ಮರೆಮಾಚುವುದಿಲ್ಲ. ತನ್ನ ಮಾತುಗಳನ್ನು ನಡುವೆ ಸೇರಿಸಿ ಕವಿಯ ಹೆಸರಿನಲ್ಲಿ ನಡೆಸುವವನು ಅನುವಾದಕನೇ ಅಲ್ಲ. ಗ್ರಹಗಳ ದನಿಯ ವಿಷಯದಲ್ಲಿಯೂ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದನ್ನು ಯಾವ ಉಪಕರಣ ಹಿಡಿಯಿತು? ಕಿವಿಗೆ ತರುವಾಗ ಏನನ್ನು ಬದಲಿಸಿದರು? ಏನನ್ನಾದರೂ ಸೇರಿಸಿದರೇ?

ಇಷ್ಟು ಶ್ರಮಪಟ್ಟು ಕೇಳುವುದರಿಂದ ಪ್ರಯೋಜನವೇನು? ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದೇ? ಈ ಸಂದೇಹಕ್ಕೆ ಶನಿಯ ಬಳೆಗಳೇ ಉತ್ತರ ಹೇಳುತ್ತವೆ. 1981ರ ಆಗಸ್ಟ್ ತಿಂಗಳಲ್ಲಿ ವಾಯೇಜರ್-2 ನೌಕೆ ಬಳೆಗಳ ಸಮತಲವನ್ನು ದಾಟಿತು. ಆಗಿನ ದಾಖಲೆಯನ್ನು ಧ್ವನಿಯಾಗಿಸಿದಾಗ ತಗಡಿನ ಮಾಡಿನ ಮೇಲೆ ಆಲಿಕಲ್ಲಿನ ಮಳೆ ಸುರಿದಂಥ ಸದ್ದು ಬಂದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳು ಮಹಾವೇಗದಲ್ಲಿ ನೌಕೆಗೆ ಬಡಿದು ಆವಿಯಾಗುತ್ತಿದ್ದವು. ಪ್ರತಿಯೊಂದು ಬಡಿತವೂ ಉಪಕರಣದಲ್ಲಿ ವಿದ್ಯುತ್ತಿನ ಒಂದು ಕುಲುಕನ್ನುಂಟುಮಾಡುತ್ತಿತ್ತು. 2017ರ ಏಪ್ರಿಲ್ 26ರಂದು ಕ್ಯಾಸಿನಿ ನೌಕೆ ಶನಿಗೂ ಅದರ ಬಳೆಗಳಿಗೂ ನಡುವೆ ಇರುವ ಸುಮಾರು 2,000 ಕಿಲೋಮೀಟರು ಅಗಲದ ಸಂದಿಯಲ್ಲಿ ಮೊದಲ ಬಾರಿಗೆ ನುಗ್ಗಿತು. ಅಲ್ಲಿ ಧೂಳು ದಟ್ಟವಾಗಿದ್ದೀತೆಂಬ ಭಯದಿಂದ ದೊಡ್ಡ ಆಂಟೆನಾವನ್ನೇ ಗುರಾಣಿಯಂತೆ ಮುಂದೆ ಹಿಡಿದಿದ್ದರು. ಆಲಿಕಲ್ಲಿನ ಸದ್ದಿಗಾಗಿ ಕಾದು ಕುಳಿತವರಿಗೆ ಅದು ಕೇಳಿಸಲೇ ಇಲ್ಲ! ಅಲ್ಲೊಂದು ಇಲ್ಲೊಂದು ಟಪ್ಪೆಂದುದನ್ನು ಬಿಟ್ಟರೆ ಉಳಿದುದೆಲ್ಲ ಪ್ಲಾಸ್ಮಾದ ಸಣ್ಣ ಸಿಳ್ಳುಗಳು. ಆ ಸಂದಿ ಬರಿದೆಂಬುದು ಹೀಗೆ ನಿಶ್ಶಬ್ದದಿಂದಲೇ ತಿಳಿಯಿತು. ಮುಂದಿನ ಹೆಚ್ಚಿನ ಸುತ್ತುಗಳಲ್ಲಿ ಗುರಾಣಿಯ ಅಗತ್ಯ ಬೀಳಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 15ರಂದು ಆ ನೌಕೆ ಶನಿಯ ವಾಯುಮಂಡಲದಲ್ಲಿ ಉರಿದು ತನ್ನ ಕೆಲಸವನ್ನು ಮುಗಿಸಿತು.

ಇನ್ನೊಂದು ನಿದರ್ಶನ ಇದಕ್ಕಿಂತ ದೊಡ್ಡದು. ವಾಯೇಜರ್-1 ಸೂರ್ಯನ ಪ್ರಭಾವವಲಯವನ್ನು ದಾಟಿ ನಕ್ಷತ್ರಗಳ ನಡುವಣ ಬಯಲನ್ನು ಸೇರಿತೇ ಇಲ್ಲವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿತ್ತು. ಪ್ಲಾಸ್ಮಾವನ್ನು ನೇರವಾಗಿ ಅಳೆಯುವ ಅದರ ಉಪಕರಣ 1980ರಲ್ಲಿಯೇ ಕೆಟ್ಟುಹೋಗಿತ್ತು. ಆದರೆ ಅಲೆಗಳನ್ನು ಆಲಿಸುವ ಉಪಕರಣ ಕೆಲಸಮಾಡುತ್ತಿತ್ತು. ಸೂರ್ಯನ ಸ್ಫೋಟಗಳ ಅಲೆ ಅಷ್ಟು ದೂರ ಹೋಗಿ ತಟ್ಟಿದಾಗ, 2012ರ ಕೊನೆಯಲ್ಲಿ ಒಮ್ಮೆ, 2013ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಇನ್ನೊಮ್ಮೆ, ಸುತ್ತಲಿನ ಪ್ಲಾಸ್ಮಾ ಮಿಡಿಯಿತು. ಪ್ಲಾಸ್ಮಾ ದಟ್ಟವಾದಷ್ಟೂ ಆ ಮಿಡಿತದ ಸ್ವರ ಏರುತ್ತದೆ. ಸ್ವರದಿಂದ ಲೆಕ್ಕ ಹಾಕಿದಾಗ ಅಲ್ಲಿಯ ಪ್ಲಾಸ್ಮಾ ಸೂರ್ಯವಲಯದ ಹೊರ ಅಂಚಿನಲ್ಲಿದ್ದುದಕ್ಕಿಂತ ಸುಮಾರು 40 ಪಟ್ಟು ದಟ್ಟವೆಂದು ತಿಳಿಯಿತು. 2012ರ ಆಗಸ್ಟ್ 25ರ ಸುಮಾರಿಗೇ ನೌಕೆ ಎಲ್ಲೆಯನ್ನು ದಾಟಿತ್ತೆಂದು ಹೀಗೆ ನಿರ್ಧಾರವಾಯಿತು. ಮನುಷ್ಯನ ಕೈಕೆಲಸವೊಂದು ಸೂರ್ಯನ ಮನೆಯ ಹೊಸ್ತಿಲನ್ನು ದಾಟಿದುದಕ್ಕೆ ಒಂದು ಸ್ವರ ಸಾಕ್ಷಿಯಾಯಿತು.

ಆಲಿಸುವ ಈ ಕೆಲಸ ಪರದೇಶದವರದು ಮಾತ್ರವೆಂದು ತಿಳಿಯಬೇಡಿ. ನಮ್ಮ ಗೌರೀಬಿದನೂರಿನ ಬಳಿ ಬಯಲಿನಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಆಂಟೆನಾಗಳ ರೇಡಿಯೋ ದೂರದರ್ಶಕವು 1970ರ ದಶಕದಿಂದ ಆಕಾಶದ ರೇಡಿಯೋ ಅಲೆಗಳನ್ನು ಗ್ರಹಿಸತೊಡಗಿತು. ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರು ಅಗಲದ ಆಂಟೆನಾವಿದೆ; 2008ರ ಚಂದ್ರಯಾನದಿಂದ ಮೊದಲುಗೊಂಡು ನಮ್ಮ ದೂರದ ನೌಕೆಗಳ ಸಂದೇಶವನ್ನು ಆಲಿಸಲೆಂದೇ ಅದನ್ನು ಕಟ್ಟಿದರು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ವಿಕ್ರಮ್‌ನಲ್ಲಿ ನೆಲದ ಕಂಪನವನ್ನು ಅಳೆಯುವ ಇಲ್ಸಾ ಎಂಬ ಉಪಕರಣವಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿ. ಚಂದ್ರನಲ್ಲಿ ಗಾಳಿಯಿಲ್ಲ, ನಿಜ. ಆದರೆ ನೆಲವಿದೆ, ನೆಲ ನಡುಗುತ್ತದೆ. ರೈಲು ಹಳಿಯಲ್ಲಿ ದೂರದ ಗಾಡಿಯ ಕಂಪನ ತಿಳಿಯುವಂತೆ, ಇಲ್ಸಾ ಆಗಸ್ಟ್ 25ರಂದು ಪ್ರಜ್ಞಾನ್ ಬಂಡಿಯ ಚಲನೆಯನ್ನೂ, 26ರಂದು ನೈಸರ್ಗಿಕವೆಂದು ತೋರಿದ ಒಂದು ಕಂಪನವನ್ನೂ ದಾಖಲಿಸಿತು.

ವಾಯೇಜರ್ ನೌಕೆಗಳಿಗೂ ನಮಗೂ ಇನ್ನೊಂದು ನಂಟಿದೆ. 1977ರಲ್ಲಿ ಹಾರಿದ ಆ ಎರಡೂ ನೌಕೆಗಳಲ್ಲಿ ಚಿನ್ನದ ಲೇಪವುಳ್ಳ ತಾಮ್ರದ ಒಂದೊಂದು ಧ್ವನಿಮುದ್ರಿಕೆ ಇದೆ. ಕಾರ್ಲ್ ಸಾಗನ್ ಅವರ ನೇತೃತ್ವದಲ್ಲಿ ಸಿದ್ಧವಾದ ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಅವುಗಳಲ್ಲೊಂದು. ಕನ್ನಡಿಗರೆಲ್ಲರ ಪರವಾಗಿ ಹಾರೈಸುವ ಒಂದು ಚಿಕ್ಕ ಮಾತು ಇಂದು ನಕ್ಷತ್ರಗಳ ನಡುವೆ ಸಾಗುತ್ತಿದೆ. ಅದೇ ಮುದ್ರಿಕೆಯಲ್ಲಿ ಕೇಸರಬಾಯಿ ಕೇರ್ಕರರು ಹಾಡಿದ ಭೈರವಿಯಿದೆ. ಅವರು ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಅದೇ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಬುರ್ಜಿಖಾನರಲ್ಲಿ ಕಲಿತವರು. ವಾಯೇಜರ್-1 ಹಾರಿದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. ಹಾಡಿದ ಕಂಠ ಮಣ್ಣಾದರೂ ಹಾಡು ಮುಂದೆ ಸಾಗಿದೆ. ಅದು ತೇಲುತ್ತಿರುವ ಬಯಲಿನಲ್ಲಿ ಗಾಳಿಯಿಲ್ಲ. ಯಾರಾದರೂ ಅದನ್ನು ಪಡೆದರೂ, ಜೊತೆಗಿಟ್ಟ ಮುಳ್ಳನ್ನು ತಟ್ಟೆಯ ಗೆರೆಗಳ ಮೇಲಿಟ್ಟು ತಿರುಗಿಸಿ, ಆ ಗೀರುಗಳನ್ನು ತಮಗೆ ತಿಳಿಯುವ ರೂಪಕ್ಕೆ ತಂದುಕೊಳ್ಳಬೇಕು. ನಾವು ಶನಿಯನ್ನು ಕೇಳುವುದು ಹೇಗೋ ಅವರು ನಮ್ಮನ್ನು ಕೇಳುವುದೂ ಹಾಗೆಯೇ.

ಆ ನೌಕೆಯ ದನಿಯೂ ಈಗ ಬಹಳ ಕ್ಷೀಣವಾಗಿದೆ. ಅದು ಸಂದೇಶ ಕಳುಹಿಸುವುದು ಸುಮಾರು 23 ವಾಟ್ ಶಕ್ತಿಯಿಂದ. ಮನೆಯ ಹಳೆಯ ಟ್ಯೂಬ್‌ಲೈಟು ಬಳಸುವುದಕ್ಕಿಂತಲೂ ಇದು ಕಡಿಮೆ. 2024ರ ವೇಳೆಗೆ ಅದು 2,400 ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿತ್ತು. ಅಲ್ಲಿಂದ ಹೊರಟ ಸಂದೇಶ ಬೆಳಕಿನ ವೇಗದಲ್ಲಿ ಬಂದರೂ ನಮ್ಮನ್ನು ಮುಟ್ಟಲು 22 ಗಂಟೆಗಳಿಗಿಂತ ಹೆಚ್ಚು ಬೇಕು. ನೌಕೆಯ ವಿದ್ಯುತ್ತು ವರ್ಷದಿಂದ ವರ್ಷಕ್ಕೆ ಕುಂದುತ್ತಿರುವುದರಿಂದ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಬಂದಿದ್ದಾರೆ. ಒಂದು ದಿನ ಅದರ ದನಿ ನಿಂತೇ ಹೋಗುವುದು.

ಈಗ ಆ ಬಾಲಕಿಯ ಪ್ರಶ್ನೆಗೆ ಬರೋಣ. ಕಣ್ಣಿರುವವರು ಶನಿಯನ್ನು ‘ನೋಡಿದ್ದೇವೆ’ ಎನ್ನುತ್ತಾರೆ. ಆದರೆ ಅವರು ನೋಡಿದ ಚಿತ್ರವೂ ನೌಕೆಯಿಂದ ಅಂಕಿಗಳ ಸಾಲಾಗಿಯೇ ಬಂದುದು. ಇಲ್ಲಿ ಅದಕ್ಕೆ ಬೆಳಕಿನ ರೂಪ ಕೊಟ್ಟರು. ಕಣ್ಣಿಗೆ ಕಾಣದ ಕಿರಣಗಳಿಂದ ತೆಗೆದ ಚಿತ್ರಗಳಿಗೆ ಬಣ್ಣವನ್ನೂ ಇಲ್ಲಿಯೇ ಹಚ್ಚುತ್ತಾರೆ. ಚಿತ್ರ ಅನುವಾದವಾದರೆ ದನಿಯೂ ಅನುವಾದ. ಒಂದನ್ನು ಖರೆಯೆಂದು, ಇನ್ನೊಂದನ್ನು ಸುಳ್ಳೆಂದು ಹೇಳುವುದು ನ್ಯಾಯವಲ್ಲ. ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದ ವಾಂಡಾ ಡಿಯಾಸ್ ಮರ್ಸೆಡ್ ಎಂಬ ವಿಜ್ಞಾನಿ ತಾರುಣ್ಯದಲ್ಲಿ ದೃಷ್ಟಿಯನ್ನು ಕಳೆದುಕೊಂಡರು. ನಕ್ಷೆಗಳನ್ನು ನೋಡಲಾಗದೆ ಹೋದಾಗ ಅವರು ಅಂಕಿಗಳನ್ನು ಸ್ವರಗಳಾಗಿ ಮಾರ್ಪಡಿಸಿ ಕೇಳತೊಡಗಿದರು. ಕಿವಿಯಿಂದಲೇ ಖಗೋಳವಿಜ್ಞಾನದ ಸಂಶೋಧನೆಯನ್ನು ಮುಂದುವರಿಸಿದರು. ಕಿವಿ ಕಣ್ಣಿನ ಬದಲಿಗೆ ಕೂತ ಬಡ ನೆಂಟನಲ್ಲ. ಕಾಲದಲ್ಲಿ ಹರಿಯುವ ಏರಿಳಿತವನ್ನು, ಗದ್ದಲದ ನಡುವೆ ಅಡಗಿದ ಸಣ್ಣ ಸ್ವರವನ್ನು ಅದು ಬಹು ಸೂಕ್ಷ್ಮವಾಗಿ ಗುರುತಿಸಬಲ್ಲದು.

ಆ ದಿನ ಶಾಲೆಯಿಂದ ಹೊರಡುವಾಗ ನಾನು ಅವಳಿಗೆ, “ಖರೇನ ಐತೆವ್ವಾ. ಆದರ ಯಾವುದ ದನಿ ಕೇಳಿದರೂ, ಅದು ಯಾವ ದಾರಿ ಹಿಡಿದು ನಿನ್ನ ಕಿವಿಗೆ ಬಂತು ಅನ್ನೋದನ್ನ ಕೇಳೋದು ಬಿಡಬ್ಯಾಡ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಶನೀದು ಇನ್ನೊಂದ ಸಲ ಹಚ್ಚರಿ ಸರ” ಎಂದು ತನ್ನ ಶಿಕ್ಷಕರನ್ನು ಕೇಳಿದಳು. ಈ ಸಲ ತರಗತಿಯಲ್ಲಿ ಯಾರೂ ವಾದಿಸಲಿಲ್ಲ. ಗ್ರಹಗಳು ಹಾಡುತ್ತವೆಂದವನೂ, ಎಲ್ಲವೂ ಯಂತ್ರದ್ದೆಂದವನೂ ಅವಳ ಪಕ್ಕದಲ್ಲಿ ಬಂದು ನಿಂತು ಆಲಿಸಿದರು.